ನಾಳೆಯ ಕನಸು ಮಾರಿದವನ ಬಾಕಿ ಲೆಕ್ಕ

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಾನು ಕ್ಲಾಸಿಗಿಂತ ಹೆಚ್ಚು ಹೊತ್ತು ಕಳೆದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಪ್ರಾಜೆಕ್ಟಿಗೆ ಬೇಕಾದ ಬಿಡಿಭಾಗ ತರೋಕೆ ಹೋಗಿ, ಬೇಡದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದೆ. ಅದೇ ವರ್ಷ ಹಾಸ್ಟೆಲಿನ ಕಂಪ್ಯೂಟರಿನಲ್ಲಿ, ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಹಾಕಿದ್ದ ಹಳೇ ಪತ್ರಿಕೆಯೊಂದು ಕಣ್ಣಿಗೆ ಬಿತ್ತು. ಮುಖಪುಟದಲ್ಲಿ ಹಿಮದ ಮೇಲೆ ಜಾರುತ್ತಿರುವ ಜನ, ಹಿಮದ ದಿಬ್ಬದ ಮೇಲೆ ಸಿಕ್ಕಿಕೊಂಡ ಹಡಗುಗಳು, ಹಿಂದೆ ಆಕಾಶ ತುಂಬುವಷ್ಟು ದೊಡ್ಡ ಉಂಗುರದ ಗ್ರಹ. ಪತ್ರಿಕೆಯ ಹೆಸರು 'ಅಮೇಜಿಂಗ್ ಸ್ಟೋರೀಸ್'. ಏಪ್ರಿಲ್ 1926, ಬೆಲೆ 25 ಸೆಂಟ್.

ವಿಜ್ಞಾನದ ಕತೆಗಳಿಗೆಂದೇ ಹೊರಟ ಇಂಗ್ಲಿಷಿನ ಮೊದಲ ಮಾಸಪತ್ರಿಕೆ ಅದು. ಸಂಪಾದಕನ ಹೆಸರು ಹ್ಯೂಗೊ ಗರ್ನ್ಸ್‌ಬ್ಯಾಕ್. ಈತನೂ ರೇಡಿಯೋ ಬಿಡಿಭಾಗ ಮಾರುತ್ತಿದ್ದವನು ಅಂತ ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ನಮ್ಮ ಕಡೆಯವನೇ ಒಬ್ಬ ಕತೆಗಳ ಲೋಕ ಕಟ್ಟಿದ್ದಾನಲ್ಲ ಅನ್ನಿಸಿತು.

ಆಮೇಲೆ ಸಾಫ್ಟ್‌ವೇರ್ ಕೆಲಸ ಬಿಟ್ಟು ಬರೆಯೋಕೆ ಶುರು ಮಾಡಿದೆ. ಬರೆದದ್ದಕ್ಕೆ ಸಂಭಾವನೆ ಬರುತ್ತದೆ ಅಂತ ತಿಂಗಳುಗಟ್ಟಲೆ ಕಾದು, ಕೇಳೋಕೆ ನಾಚಿಕೆಪಟ್ಟು, ಕೊನೆಗೆ ಕೇಳಿದಾಗ ಹೆಸರು ಬಂತಲ್ಲ ಸಾಕಲ್ವಾ ಎಂಬರ್ಥದ ಉತ್ತರ ಪಡೆದೆ. ಆಗ ಗರ್ನ್ಸ್‌ಬ್ಯಾಕನ ಬದುಕಿನ ಇನ್ನರ್ಧ ಓದಿದೆ. ಈ ಎರಡು ಅರ್ಧಗಳನ್ನು ಒಟ್ಟಿಗೆ ಇಟ್ಟು ನೋಡಬೇಕು ಅನ್ನೋದಕ್ಕೇ ಈ ಬರಹ.

ಲಕ್ಸಂಬರ್ಗ್‌ನಿಂದ ನ್ಯೂಯಾರ್ಕ್‌ಗೆ

ಆತ ಹುಟ್ಟಿದ್ದು 1884ರ ಆಗಸ್ಟ್ 16ರಂದು, ಯುರೋಪಿನ ಪುಟ್ಟ ದೇಶ ಲಕ್ಸಂಬರ್ಗ್‌ನಲ್ಲಿ. ಯಹೂದಿ ಕುಟುಂಬ, ತಂದೆ ದ್ರಾಕ್ಷಾರಸದ ವ್ಯಾಪಾರಿ. ಮನೆತನದ ಹೆಸರು ಗರ್ನ್ಸ್‌ಬಾಕರ್. ಹುಡುಗನಿಗೆ ವಿದ್ಯುತ್ ಗಂಟೆ, ತಂತಿ, ಬ್ಯಾಟರಿಗಳ ಹುಚ್ಚು. ಖಗೋಳಜ್ಞ ಪರ್ಸಿವಲ್ ಲೊವೆಲ್ ಮಂಗಳ ಗ್ರಹದ ಬಗ್ಗೆ ಬರೆದ ಪುಸ್ತಕ ಓದಿ, ಅಲ್ಲಿ ಯಾರೋ ಇದ್ದಾರೆಂಬ ಯೋಚನೆಗೇ ಜ್ವರ ಬಂದು ಮಲಗಿದ ಎಂಬ ಕತೆಯೂ ಆತನ ಬಾಲ್ಯದ ಜೊತೆ ಅಂಟಿಕೊಂಡಿದೆ. ನಿಜವೋ ಉತ್ಪ್ರೇಕ್ಷೆಯೋ, ಮುಂದೆ ಆತ ಇತರರಿಗೆ ಹಚ್ಚಿದ್ದು ಅದೇ ಜ್ವರವನ್ನು.

1904ರಲ್ಲಿ, ಇನ್ನೂ ಇಪ್ಪತ್ತು ತುಂಬದ ಹುಡುಗ, ತಾನೇ ರೂಪಿಸಿದ ಬ್ಯಾಟರಿಯ ವಿನ್ಯಾಸ ನಂಬಿಕೊಂಡು ಅಮೆರಿಕದ ಹಡಗು ಹತ್ತಿದ. ಬ್ಯಾಟರಿ ಅಂದುಕೊಂಡಷ್ಟು ನಡೆಯಲಿಲ್ಲ. ಯುರೋಪಿನಿಂದ ವಿದ್ಯುತ್ ಉಪಕರಣ ತರಿಸಿ ಅಂಚೆ ಮೂಲಕ ಮಾರುವ ಎಲೆಕ್ಟ್ರೋ ಇಂಪೋರ್ಟಿಂಗ್ ಕಂಪನಿ ಕೈಹಿಡಿಯಿತು. ಅಲ್ಲಿಂದ ಬಂದದ್ದು ಟೆಲಿಮ್ಕೊ ಎಂಬ ನಿಸ್ತಂತು ಸೆಟ್ಟು. ಹತ್ತು ಡಾಲರಿಗೂ ಕಡಿಮೆ ಬೆಲೆ. ಇದರಲ್ಲಿ ಹಾಡು, ಮಾತು ಏನೂ ಕೇಳಿಸದು. ಇಲ್ಲಿ ಗುಂಡಿ ಒತ್ತಿದರೆ ಕಿಡಿ ಹಾರಿ, ತಂತಿಯೇ ಇಲ್ಲದೆ ಅಷ್ಟು ದೂರದಲ್ಲಿ ಗಂಟೆ ಬಾರಿಸುತ್ತದೆ, ಅಷ್ಟೇ. 1905-06ರ ಕಾಲಕ್ಕೆ ಅದು ಮಾಯವೇ. ಇಷ್ಟು ಅಗ್ಗಕ್ಕೆ ಇಂಥದ್ದು ಸಾಧ್ಯವೇ ಇಲ್ಲ, ಮೋಸ ಇರಬೇಕು ಅಂತ ಯಾರೋ ದೂರು ಕೊಟ್ಟು ಪೊಲೀಸಿನವರು ಅಂಗಡಿಗೆ ಬಂದಿದ್ದನ್ನು, ಅವರೆದುರೇ ಗಂಟೆ ಬಾರಿಸಿ ತೋರಿಸಿದ್ದನ್ನು ಆತ ಮುಂದೆ ಬಹಳ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

ಸಾಮಾನು ಮಾರಬೇಕೆಂದರೆ ಕ್ಯಾಟಲಾಗ್ ಬೇಕು. ಕ್ಯಾಟಲಾಗ್ ಓದಬೇಕೆಂದರೆ ಜನಕ್ಕೆ ವಿಷಯ ಗೊತ್ತಿರಬೇಕು. ಹಾಗಾಗಿ 1908ರಲ್ಲಿ 'ಮಾಡರ್ನ್ ಎಲೆಕ್ಟ್ರಿಕ್ಸ್' ಎಂಬ ಪತ್ರಿಕೆ ಶುರುವಾಯಿತು. ಆಮೇಲೆ ಬಂದ 'ಎಲೆಕ್ಟ್ರಿಕಲ್ ಎಕ್ಸ್‌ಪೆರಿಮೆಂಟರ್'ನಲ್ಲಿ ನಿಕೊಲಾ ಟೆಸ್ಲಾನ ಆತ್ಮಕತೆ 1919ರಲ್ಲಿ ಧಾರಾವಾಹಿಯಾಗಿ ಬಂತು. ಅದೇ ಪತ್ರಿಕೆ 1920ರಲ್ಲಿ 'ಸೈನ್ಸ್ ಅಂಡ್ ಇನ್ವೆನ್ಷನ್' ಎಂದು ಹೆಸರು ಬದಲಿಸಿಕೊಂಡಿತು. ರೇಡಿಯೋಗೆ ಬೇರೆಯದೇ ಪತ್ರಿಕೆ. 1925ರಲ್ಲಿ ನ್ಯೂಯಾರ್ಕಿನಲ್ಲಿ ಸ್ವಂತ ರೇಡಿಯೋ ಕೇಂದ್ರ. 1928ರಲ್ಲಿ ಅದೇ ಕೇಂದ್ರದಿಂದ ಅಂಚೆಚೀಟಿ ಗಾತ್ರದ ಟೆಲಿವಿಷನ್ ಚಿತ್ರದ ಪ್ರಸಾರ. ನೋಡೋಕೆ ಸೆಟ್ಟು ಇದ್ದವರು ಎಷ್ಟು ಜನವೋ, ಆದರೆ ಆತನಿಗೆ ನಾಳೆಯನ್ನು ಇವತ್ತೇ ತಂದು ತೋರಿಸುವ ಆತುರ.

ಪಾಠ ಹೇಳುವ ಕತೆಗಳು

ಈ ಆತುರವೇ ಆತನನ್ನು ಕತೆಗೂ ತಂದಿತು. 1911ರ ಏಪ್ರಿಲ್‌ನಿಂದ ಒಂದು ವರ್ಷ, 'ಮಾಡರ್ನ್ ಎಲೆಕ್ಟ್ರಿಕ್ಸ್'ನಲ್ಲಿ ತಾನೇ 'ರಾಲ್ಫ್ 124ಸಿ 41+' ಎಂಬ ಧಾರಾವಾಹಿ ಬರೆದ. ಕತೆ ನಡೆಯುವುದು 2660ರಲ್ಲಿ. ಮುಖ ನೋಡಿ ಮಾತಾಡುವ ಫೋನಿನಲ್ಲಿ ತಪ್ಪು ಸಂಪರ್ಕ ಸಿಕ್ಕಿ, ನ್ಯೂಯಾರ್ಕಿನ ವಿಜ್ಞಾನಿಗೆ ಸ್ವಿಟ್ಜರ್ಲೆಂಡಿನ ಹುಡುಗಿ ಪರಿಚಯವಾಗುತ್ತಾಳೆ. ಹಿಮಕುಸಿತ ಆಕೆಯ ಮನೆ ನುಂಗಲು ಬಂದಾಗ ಈತ ಕೂತಲ್ಲಿಂದಲೇ ಶಕ್ತಿ ಹರಿಸಿ ಹಿಮ ಕರಗಿಸುತ್ತಾನೆ. ಅಲೆಗಳನ್ನು ಕಳಿಸಿ, ಅವು ತಿರುಗಿ ಬರುವುದನ್ನು ಹಿಡಿದು ದೂರದ ನೌಕೆಯನ್ನು ಪತ್ತೆ ಮಾಡುವ ಉಪಾಯವೂ ಅದರಲ್ಲಿತ್ತು. ನಾವು ಈಗ ರೇಡಾರ್ ಅನ್ನುತ್ತೇವಲ್ಲ, ಅದು.

ಕತೆಯಾಗಿ ಹೇಗಿದೆ? ಸುಳ್ಳು ಹೇಳೋದು ಬೇಡ, ನೀರಸವಾಗಿದೆ. ಪಾತ್ರಗಳು ಉಪಕರಣಗಳ ಬಳಕೆದಾರರ ಕೈಪಿಡಿ ಓದಿದ ಹಾಗೆ ಮಾತಾಡುತ್ತವೆ. ಲ್ಯಾಬ್ ರೆಕಾರ್ಡಿನ ಮಧ್ಯೆ ಪ್ರೇಮಪತ್ರ ಸಿಕ್ಕಿದಂತೆ. ಆದರೆ ಆತನ ನಂಬಿಕೆ ಸ್ಪಷ್ಟವಾಗಿತ್ತು. ಕತೆ ಅಂದರೆ ವಿಜ್ಞಾನ ಕಲಿಸುವ ಸುಲಭದ ದಾರಿ, ಓದಿದ ಹುಡುಗ ನಾಳೆ ಏನಾದರೂ ಕಂಡುಹಿಡಿಯಬೇಕು. ಇಂಥ ಬರಹಕ್ಕೆ ಸೈಂಟಿಫಿಕ್ಷನ್ ಎಂಬ ನಾಲಿಗೆ ತೊಡರುವ ಹೆಸರನ್ನೂ ಇಟ್ಟ.

1926ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಬಂದದ್ದು ಈ ನಂಬಿಕೆಯಿಂದ. ಮೊದಲ ಸಂಚಿಕೆಯ ಆರೂ ಕತೆಗಳು ಎರವಲು. ಜೂಲ್ಸ್ ವೆರ್ನ್, ಎಚ್.ಜಿ. ವೆಲ್ಸ್, ಎಡ್ಗರ್ ಅಲನ್ ಪೋ ಮತ್ತು ಇನ್ನೂ ಮೂವರು ಹಿಂದೆಲ್ಲೋ ಬರೆದದ್ದರ ಮರುಮುದ್ರಣ. ಚಿತ್ರ ಬರೆದವನು ಆಸ್ಟ್ರಿಯಾದಲ್ಲಿ ಹುಟ್ಟಿದ ಫ್ರಾಂಕ್ ಆರ್. ಪಾಲ್, ವಾಸ್ತುಶಿಲ್ಪ ಕಲಿತವನು. ಆತ ಬರೆದ ಯಂತ್ರಗಳು, ನಗರಗಳು ಉಸಿರಾಡುತ್ತವೆ, ಮನುಷ್ಯರು ಮಾತ್ರ ಮರದ ಬೊಂಬೆಗಳು.

ಇಲ್ಲಿ ಪಲ್ಪ್ ಬಗ್ಗೆ ಎರಡು ಮಾತು. ಮರದ ತಿರುಳಿನಿಂದ ಮಾಡಿದ ಒರಟು, ಅಗ್ಗದ ಕಾಗದದ ಮೇಲೆ ಅಚ್ಚಾಗುತ್ತಿದ್ದ ಕತೆಪತ್ರಿಕೆಗಳಿಗೆ ಪಲ್ಪ್ ಎಂಬ ಹೆಸರು ಬಿತ್ತು. ಪತ್ತೇದಾರಿ, ಕೌಬಾಯ್, ಪ್ರೇಮ, ಭೂತ, ಎಲ್ಲಕ್ಕೂ ಒಂದೊಂದು ಪತ್ರಿಕೆ. ಲೇಖಕನಿಗೆ ಕೂಲಿ ಪದದ ಲೆಕ್ಕದಲ್ಲಿ. ಹಾಗಾಗಿ ಈ ಲೋಕದಲ್ಲಿ ಪದಕ್ಕೆ ಎಷ್ಟು, ಕೊಡುವುದು ಯಾವಾಗ ಅನ್ನುವ ಎರಡು ಪ್ರಶ್ನೆಗಳೇ ಲೇಖಕನ ಊಟ ತೀರ್ಮಾನಿಸುತ್ತಿದ್ದವು.

ಓದುಗರಿಗೆ ಕೊಟ್ಟದ್ದು

ಗರ್ನ್ಸ್‌ಬ್ಯಾಕ್ ಮಾಡಿದ ದೊಡ್ಡ ಕೆಲಸ ಯಾವುದು ಅಂತ ನನ್ನನ್ನು ಕೇಳಿದರೆ ಕತೆಗಳಿಗಿಂತ ಮೊದಲು ಓದುಗರ ಪತ್ರಗಳನ್ನು ತೋರಿಸುತ್ತೇನೆ. ಪತ್ರಿಕೆಯ ಕೊನೆಯ ಪುಟಗಳಲ್ಲಿ ಓದುಗರು ಕತೆಯ ಭೌತಶಾಸ್ತ್ರ ತಪ್ಪು, ಲೆಕ್ಕ ತಪ್ಪು ಅಂತ ಜಗಳವಾಡುತ್ತಿದ್ದರು. ಪತ್ರದ ಕೆಳಗೆ ಬರೆದವರ ವಿಳಾಸವೂ ಅಚ್ಚಾಗುತ್ತಿತ್ತು. ಊರಿನಲ್ಲಿ ತನ್ನಂಥ ಹುಚ್ಚ ತಾನೊಬ್ಬನೇ ಅಂದುಕೊಂಡಿದ್ದ ಹುಡುಗನಿಗೆ ಇನ್ನೊಂದು ಊರಿನ ಹುಚ್ಚನ ವಿಳಾಸ ಸಿಕ್ಕಿತು. ಪತ್ರ ಬರೆದುಕೊಂಡರು, ಭೇಟಿಯಾದರು, ಸಂಘ ಕಟ್ಟಿದರು, ತಾವೇ ಕೈಪತ್ರಿಕೆ ತೆಗೆದರು. ಹೀಗೆ ಪತ್ರ ಬರೆಯುತ್ತಿದ್ದ ಹುಡುಗರಲ್ಲಿ ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್ ಒಬ್ಬ. ಮುಂದೆ ಗೆಳೆಯ ಜೋ ಶೂಸ್ಟರ್ ಜೊತೆ ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದವನು.

ಬಾಗಿಲು ತೆರೆದಿದ್ದರಿಂದ ನಿರೀಕ್ಷಿಸದವರೂ ಒಳಬಂದರು. 1926ರ ಕೊನೆಗೆ ಪತ್ರಿಕೆ ಮುಖಪುಟದ ಚಿತ್ರ ಕೊಟ್ಟು ಕತೆ ಬರೆಯುವ ಸ್ಪರ್ಧೆ ಇಟ್ಟಿತು. ಮೂರನೇ ಬಹುಮಾನ, 100 ಡಾಲರ್, ಗೆದ್ದದ್ದು ಕ್ಲೇರ್ ವಿಂಗರ್ ಹ್ಯಾರಿಸ್. ಹೆಂಗಸೊಬ್ಬಳು ವಿಜ್ಞಾನದ ಕತೆ ಬರೆದದ್ದಕ್ಕೆ ಸಂಪಾದಕ ಅಚ್ಚರಿಪಟ್ಟು ಟಿಪ್ಪಣಿ ಬರೆದ. ಆ ಅಚ್ಚರಿ ಇವತ್ತು ಕಿರಿಕಿರಿ ತರುತ್ತದೆ, ಇರಲಿ. ಕತೆ 1927ರ ಜೂನ್‌ನಲ್ಲಿ ಆಕೆಯ ಸ್ವಂತ ಹೆಸರಿನಲ್ಲೇ ಅಚ್ಚಾಯಿತು.

1928ರ ಆಗಸ್ಟ್ ಸಂಚಿಕೆಯೊಂದರಲ್ಲೇ ಎರಡು ಬೀಜಗಳಿದ್ದವು. ಇ.ಇ. ಸ್ಮಿತ್‌ನ 'ದಿ ಸ್ಕೈಲಾರ್ಕ್ ಆಫ್ ಸ್ಪೇಸ್' ಸೌರಮಂಡಲ ದಾಟಿ ನಕ್ಷತ್ರಗಳ ನಡುವೆ ಹಾರಿತು. ಫಿಲಿಪ್ ನೌಲನ್‌ನ ಕತೆಯೊಂದರ ನಾಯಕ ಐದು ಶತಮಾನ ನಿದ್ದೆ ಮಾಡಿ ಎದ್ದ, ಮುಂದೆ ಬಕ್ ರೋಜರ್ಸ್ ಎಂಬ ಹೆಸರಿನಲ್ಲಿ ಕಾಮಿಕ್ಸ್‌ಗೆ ಹೋದ.

ಬರೆದವರಿಗೆ ಕೊಡದ್ದು

ಈಗ ಇನ್ನೊಂದು ಪುಟ ತಿರುಗಿಸೋಣ.

1927ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಎಚ್.ಪಿ. ಲವ್‌ಕ್ರಾಫ್ಟ್‌ನ 'ದಿ ಕಲರ್ ಔಟ್ ಆಫ್ ಸ್ಪೇಸ್' ಬಂತು. ರೈತನೊಬ್ಬನ ಬಾವಿಯ ಪಕ್ಕ ಉಲ್ಕೆ ಬೀಳುತ್ತದೆ. ಅದರ ಜೊತೆ ಬಂದದ್ದು ಒಂದು ಬಣ್ಣ, ಭೂಮಿಯ ಮೇಲೆ ಯಾರೂ ಕಾಣದ, ಹೆಸರಿಲ್ಲದ ಬಣ್ಣ. ಬೆಳೆ ಕೆಡುತ್ತದೆ, ದನ ಸಾಯುತ್ತವೆ, ಮನೆಮಂದಿ ಒಬ್ಬೊಬ್ಬರಾಗಿ ಕುಸಿಯುತ್ತಾರೆ. ಇವತ್ತಿಗೂ ರಾತ್ರಿ ಒಬ್ಬನೇ ಓದಿದರೆ ಬೆನ್ನು ತಣ್ಣಗಾಗುತ್ತದೆ. ಆ ಪತ್ರಿಕೆಯಲ್ಲಿ ಬಂದ ಅತ್ಯುತ್ತಮ ಕತೆಗಳಲ್ಲೊಂದು. ಸುಮಾರು 12,000 ಪದ. ಲವ್‌ಕ್ರಾಫ್ಟ್‌ಗೆ ಸಿಕ್ಕಿದ್ದು 25 ಡಾಲರ್, ಅದೂ ತಿಂಗಳುಗಟ್ಟಲೆ ಕಾದ ಮೇಲೆ. ಲೆಕ್ಕ ಹಾಕಿ ನೋಡಿ, ಪದಕ್ಕೆ ಒಂದು ಸೆಂಟಿನ ಐದನೇ ಒಂದು ಭಾಗ. ಆತ ಮತ್ತೆಂದೂ ಆ ಪತ್ರಿಕೆಗೆ ಕತೆ ಕೊಡಲಿಲ್ಲ. ಗೆಳೆಯರಿಗೆ ಬರೆದ ಪತ್ರಗಳಲ್ಲಿ ಸಂಪಾದಕನಿಗೆ ಇಲಿ ಅಂತಲೇ ಅಡ್ಡಹೆಸರಿಟ್ಟ.

ಪತ್ರಿಕೆ ನಷ್ಟದಲ್ಲಿತ್ತು, ಪಾಪ, ಏನು ಮಾಡುವುದು ಅನ್ನಬಹುದು. ಆದರೆ ಹ್ಯೂಗೊ ಮತ್ತು ಸಹೋದರ ಸಿಡ್ನಿ ಕಂಪನಿಯಿಂದ ದೊಡ್ಡ ಸಂಬಳವನ್ನೇ ಪಡೆಯುತ್ತಿದ್ದರು. ರೇಡಿಯೋ ಕೇಂದ್ರಕ್ಕೆ ಹಣ ಹರಿಯುತ್ತಿತ್ತು. ಕಾಗದದವನಿಗೆ, ಮುದ್ರಣದವನಿಗೆ ಬಾಕಿ ಬೆಳೆಯಿತು. 1929ರ ಫೆಬ್ರವರಿಯಲ್ಲಿ ಸಾಲ ಕೊಟ್ಟವರು ಕೋರ್ಟಿಗೆ ಹೋದರು, ಕಂಪನಿ ದಿವಾಳಿಯಾಯಿತು, 'ಅಮೇಜಿಂಗ್ ಸ್ಟೋರೀಸ್' ಕೈತಪ್ಪಿತು.

ಬಿದ್ದವನು ಕೂಡಲೇ ಎದ್ದ. ಅದೇ ವರ್ಷ ಜೂನ್ ಹೊತ್ತಿಗೆ 'ಸೈನ್ಸ್ ವಂಡರ್ ಸ್ಟೋರೀಸ್' ಅಂಗಡಿಗಳಲ್ಲಿತ್ತು. ಸೈಂಟಿಫಿಕ್ಷನ್ ಎಂಬ ಹಳೇ ಪದ ಬಿಟ್ಟು ಸೈನ್ಸ್ ಫಿಕ್ಷನ್ ಎಂಬ ಹೆಸರನ್ನು ಆತ ಚಲಾವಣೆಗೆ ತಂದದ್ದು ಈಗಲೇ. ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ರಷ್ಯನ್ ವಲಸಿಗನೊಬ್ಬ ತನ್ನ ಮಗನಿಗೆ ಅಂಗಡಿಯಲ್ಲಿದ್ದ ಪಲ್ಪ್ ಪತ್ರಿಕೆಗಳನ್ನು ಮುಟ್ಟೋಕೆ ಬಿಡುತ್ತಿರಲಿಲ್ಲ. ಒಂಬತ್ತು ವರ್ಷದ ಹುಡುಗ ಇದರ ಮೇಲಿದ್ದ ಸೈನ್ಸ್ ಎಂಬ ಪದ ತೋರಿಸಿ ಅನುಮತಿ ಗಿಟ್ಟಿಸಿಕೊಂಡ. ಆ ಹುಡುಗ ಐಸಾಕ್ ಅಸಿಮೋವ್. ಪಠ್ಯದ ಪುಸ್ತಕ ಅಂತ ಸುಳ್ಳು ಹೇಳಿ ಕಾದಂಬರಿ ಓದಿದ ನಮ್ಮಲ್ಲಿ ಯಾರಿಗೆ ತಾನೇ ಈ ಉಪಾಯ ಅರ್ಥವಾಗುವುದಿಲ್ಲ?

ಆದರೆ ಹಣದ ಚಾಳಿ ಬದಲಾಗಲಿಲ್ಲ. 1934ರ ಜನವರಿಯಲ್ಲಿ 'ವಂಡರ್ ಸ್ಟೋರೀಸ್' ಹತ್ತೊಂಬತ್ತರ ಹುಡುಗ ಡೊನಾಲ್ಡ್ ವೊಲ್ಹೈಮ್‌ನ ಮೊದಲ ಕತೆ ಪ್ರಕಟಿಸಿತು. ದುಡ್ಡು ಬರಲಿಲ್ಲ. ಹುಡುಗ ಸುಮ್ಮನೆ ಕೂರಲಿಲ್ಲ. ಬೇರೆ ಲೇಖಕರಿಗೆ ಪತ್ರ ಬರೆದು ವಿಚಾರಿಸಿದ, ಅವರಿಗೂ ಬಾಕಿ. ಕೆಲವರು ಒಟ್ಟಾಗಿ ವಕೀಲನನ್ನು ಹಿಡಿದರು. ಕೋರ್ಟಿನ ಹೊರಗೇ 75 ಡಾಲರಿಗೆ ರಾಜಿಯಾಯಿತು. ಅದೇ ವರ್ಷ ಗರ್ನ್ಸ್‌ಬ್ಯಾಕ್ ಅಭಿಮಾನಿ ಓದುಗರಿಗಾಗಿ ಸೈನ್ಸ್ ಫಿಕ್ಷನ್ ಲೀಗ್ ಎಂಬ ಸಂಘ ಕಟ್ಟಿದ್ದ. 1935ರಲ್ಲಿ ಆ ಸಂಘದಿಂದ ವೊಲ್ಹೈಮ್ ಮತ್ತು ಇಬ್ಬರು ಗೆಳೆಯರನ್ನು ಹೊರಹಾಕಲಾಯಿತು.

ನನಗೆ ಇಲ್ಲಿ ತಟ್ಟುವುದು ಒಂದು ಸಂಗತಿ. ಓದುಗರು ಒಬ್ಬರಿಗೊಬ್ಬರು ಪತ್ರ ಬರೆದುಕೊಳ್ಳುವ ಅಭ್ಯಾಸ ಹುಟ್ಟಿಸಿದವನು ಈತನೇ. ಅದೇ ಅಭ್ಯಾಸ ಬೆಳೆದು, ಲೇಖಕರು ಒಬ್ಬರಿಗೊಬ್ಬರು ಪತ್ರ ಬರೆದು ನಿನಗೆ ದುಡ್ಡು ಬಂತಾ ಅಂತ ಕೇಳಿಕೊಂಡಾಗ ಈತನಿಗೆ ತಡೆಯಲಾಗಲಿಲ್ಲ.

ಸ್ಪರ್ಧೆಯ ಪಾಠ

ಕೂಲಿ ಕೊಡದಿರುವುದು ಬರೀ ಲೇಖಕನ ಕಷ್ಟ, ಪತ್ರಿಕೆಗೆ ಅದರಿಂದ ಲಾಭವೇ ಅನ್ನುವವರಿಗೆ ಗರ್ನ್ಸ್‌ಬ್ಯಾಕನ ಕತೆಯಲ್ಲೇ ಉತ್ತರವಿದೆ. 1930ರ ಜನವರಿಯಲ್ಲಿ ಕ್ಲೇಟನ್ ಎಂಬ ಪ್ರಕಾಶಕ 'ಅಸ್ಟೌಂಡಿಂಗ್' ಪತ್ರಿಕೆ ಹೊರಡಿಸಿದ. ಪದಕ್ಕೆ ಎರಡು ಸೆಂಟ್, ಕತೆ ಒಪ್ಪಿಕೊಂಡ ತಕ್ಷಣ ಹಣ. ಆ ದರದಲ್ಲಿ ಲವ್‌ಕ್ರಾಫ್ಟ್‌ನ ಕತೆಗೆ 240 ಡಾಲರ್ ಆಗುತ್ತಿತ್ತು. ಬರೆದು ಬದುಕುವವರು ಎತ್ತ ನಡೆದರು ಅಂತ ಬಿಡಿಸಿ ಹೇಳಬೇಕಿಲ್ಲ. ಕ್ಲೇಟನ್ ಕೂಡ ಮುಂದೆ ಮುಳುಗಿದ ನಿಜ, ಆದರೆ 'ಅಸ್ಟೌಂಡಿಂಗ್' ಬೇರೆ ಪ್ರಕಾಶಕರ ಕೈಯಲ್ಲಿ ಉಳಿಯಿತು. 1937ರ ಕೊನೆಗೆ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ ಅದರ ಸಂಪಾದಕನಾದ ಮೇಲೆ ಅಸಿಮೋವ್, ಹೈನ್‌ಲೈನ್ ಬೆಳೆದದ್ದು ಅಲ್ಲಿ.

ಗರ್ನ್ಸ್‌ಬ್ಯಾಕನಿಗೆ ಒಳ್ಳೆಯ ಕತೆ ಸಿಗಲೇ ಇಲ್ಲ ಅಂತಲ್ಲ. 1933ರಲ್ಲಿ ಹದಿನೇಳು ವರ್ಷದ ಚಾರ್ಲ್ಸ್ ಹಾರ್ನಿಗ್‌ನ ಕೈಪತ್ರಿಕೆ ನೋಡಿ ಮೆಚ್ಚಿ ಆತನನ್ನೇ ಸಂಪಾದಕನ ಕುರ್ಚಿಯಲ್ಲಿ ಕೂರಿಸಿದ. ಎಂಥಾ ಧೈರ್ಯ! 1934ರ ಜುಲೈನಲ್ಲಿ ಆ ಹುಡುಗ ಪ್ರಕಟಿಸಿದ್ದು ಸ್ಟಾನ್ಲಿ ವೈನ್‌ಬಾಮ್‌ನ 'ಎ ಮಾರ್ಷಿಯನ್ ಒಡಿಸ್ಸಿ'. ಅದರಲ್ಲಿ ಮಂಗಳದಲ್ಲಿ ಸಿಗುವ ಟ್ವೀಲ್ ಎಂಬ ಜೀವಿ ಉಷ್ಟ್ರಪಕ್ಷಿಯ ಹಾಗಿದೆ. ಅದು ರಾಕ್ಷಸನಲ್ಲ, ಬಣ್ಣ ಬಳಿದುಕೊಂಡ ಮನುಷ್ಯನೂ ಅಲ್ಲ. ನಮ್ಮಷ್ಟೇ ಬುದ್ಧಿವಂತ, ಆದರೆ ನಮ್ಮ ಹಾಗೆ ಯೋಚಿಸುವುದಿಲ್ಲ. ಇಡೀ ಸಾಹಿತ್ಯಕ್ಕೆ ಅದೊಂದು ಹೊಸ ಕಿಟಕಿ. ದುರದೃಷ್ಟ, ವೈನ್‌ಬಾಮ್ 1935ರ ಡಿಸೆಂಬರ್‌ನಲ್ಲಿ, ಮೂವತ್ತಮೂರನೇ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡ. ಮರುವರ್ಷ ಗರ್ನ್ಸ್‌ಬ್ಯಾಕ್ 'ವಂಡರ್ ಸ್ಟೋರೀಸ್' ಮಾರಿಬಿಟ್ಟ.

ಪ್ರಶಸ್ತಿಯ ಮೇಲಿನ ಹೆಸರು

ಆಮೇಲೆ ಆತ ರೇಡಿಯೋ, ಎಲೆಕ್ಟ್ರಾನಿಕ್ಸ್ ಪತ್ರಿಕೆಗಳಲ್ಲೇ ಉಳಿದ. 1953ರಲ್ಲಿ 'ಸೈನ್ಸ್-ಫಿಕ್ಷನ್ ಪ್ಲಸ್' ಎಂಬ ಪತ್ರಿಕೆಯಿಂದ ಇನ್ನೊಮ್ಮೆ ಪ್ರಯತ್ನಿಸಿದ, ಏಳೇ ಸಂಚಿಕೆಗೆ ನಿಂತಿತು. ಕತೆಯಲ್ಲಿ ಪಾಠ ಹುಡುಕುವ ಕಾಲ ದಾಟಿಹೋಗಿತ್ತು. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಸೇರಿದ ಅಭಿಮಾನಿಗಳು ವರ್ಷದ ಉತ್ತಮ ಬರಹಗಳಿಗೆ ರಾಕೆಟ್ ಆಕಾರದ ಪ್ರಶಸ್ತಿ ಕೊಟ್ಟರು. ಅದಕ್ಕೆ ಜನ ಹ್ಯೂಗೊ ಅಂತ ಕರೆದರು. 1960ರಲ್ಲಿ ಆತನಿಗೇ ಒಂದು ವಿಶೇಷ ಹ್ಯೂಗೊ ಸಿಕ್ಕಿತು. 1967ರ ಆಗಸ್ಟ್ 19ರಂದು ನ್ಯೂಯಾರ್ಕಿನಲ್ಲಿ, ಎಂಬತ್ತಮೂರು ತುಂಬಿದ ಮೂರೇ ದಿನಕ್ಕೆ ತೀರಿಕೊಂಡ. ದೇಹವನ್ನು ವೈದ್ಯಕೀಯ ಅಧ್ಯಯನಕ್ಕೆ ಕೊಡಲಾಯಿತು. ವಿಜ್ಞಾನ ನಂಬಿದವನ ಕೊನೆಯ ಪಾವತಿ ಸಮಯಕ್ಕೆ ಸರಿಯಾಗಿ ಆಯಿತು ಅಂತ ನಾನು ಗೆಳೆಯರ ಹತ್ತಿರ ತಮಾಷೆ ಮಾಡುವುದುಂಟು.

ಆತನನ್ನು ಪಿತಾಮಹ ಅನ್ನುವವರಿದ್ದಾರೆ. ಈ ಸಾಹಿತ್ಯಕ್ಕೆ ಬಡಿದ ದೊಡ್ಡ ಆಪತ್ತುಗಳಲ್ಲೊಂದು ಅಂತ ಬ್ರಿಟಿಷ್ ಲೇಖಕ ಬ್ರಿಯಾನ್ ಆಲ್ಡಿಸ್ ತರಹ ಬೈದವರೂ ಇದ್ದಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಕ್ಲೀವ್‌ಲ್ಯಾಂಡಿನ ಹುಡುಗನಿಗೆ ಒಂಟಿತನ ಕಳೆದದ್ದು ನಿಜ. 12,000 ಪದ ಬರೆದವನಿಗೆ 25 ಡಾಲರ್ ಕೊಟ್ಟದ್ದೂ ನಿಜ. ಮೊದಲನೆಯದು ದೊಡ್ಡದು ಅಂತ ಎರಡನೆಯದನ್ನು ಮನ್ನಾ ಮಾಡುವ ಹಕ್ಕು ನಮಗಿಲ್ಲ. ಯಾಕೆಂದರೆ ಆ ಸಾಲ ನಮ್ಮದಲ್ಲ, ಲವ್‌ಕ್ರಾಫ್ಟ್‌ನದು, ವೊಲ್ಹೈಮ್‌ನದು.

ದೊಡ್ಡ ಕನಸು ಇರುವವರ ಹತ್ತಿರ ಈ ಅಪಾಯ ಯಾವಾಗಲೂ ಇರುತ್ತದೆ. ಭಾಷೆಗೆ ಸೇವೆ, ಚಳವಳಿಗೆ ಸೇವೆ, ಓದುಗರಿಗೆ ಸೇವೆ, ಇಷ್ಟರ ನಡುವೆ ನಿನ್ನ ಎರಡು ಸಾವಿರ ರೂಪಾಯಿಯ ಮಾತು ಸಣ್ಣತನ ಅನ್ನಿಸುವ ಹಾಗೆ ಮಾಡಿಬಿಡುತ್ತಾರೆ. ನಾನು ಎಷ್ಟೋ ಸಲ ಆ ಮಾತಿಗೆ ತಲೆಯಾಡಿಸಿದ್ದೇನೆ. ಈಗ ನಾಚಿಕೆಯಾಗುವುದು ಕೇಳಿದ್ದಕ್ಕಲ್ಲ, ಕೇಳದೇ ಇದ್ದದ್ದಕ್ಕೆ.

ಕಳೆದ ತಿಂಗಳು ಹಾಸನದ ಕಡೆಯ ಎಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳು ತಾನು ಬರೆದ ವಿಜ್ಞಾನ ಕತೆ ಕಳಿಸಿದ್ದಳು. ಕೆರೆಯ ಹೂಳಿನಲ್ಲಿ ಸಿಗುವ ಒಂದು ಯಂತ್ರದ ಕತೆ. ಚೆನ್ನಾಗಿತ್ತು. ಪತ್ರಿಕೆಯೊಂದು ಕೇಳಿದೆ, ಕೊಡಲಾ ಸರ್ ಅಂತ ಕೇಳಿದಳು. ಕೊಡು ಅಂದೆ. ಕೊಡುವ ಮೊದಲು ಮೂರು ವಿಷಯ ಕೇಳಿ ತಿಳಿದುಕೋ ಅಂದೆ: ಎಷ್ಟು ಕೊಡುತ್ತಾರೆ, ಯಾವತ್ತು ಕೊಡುತ್ತಾರೆ, ಕತೆಯ ಹಕ್ಕು ಯಾರ ಹತ್ತಿರ ಇರುತ್ತದೆ. ಕೇಳಿದರೆ ಬೇಜಾರಾಗುತ್ತಾರೇನೋ ಅಂದಳು. ಆಗಲಿ ಬಿಡು ಅಂದೆ. ಎರಡು ದಿನದ ಮೇಲೆ ಅವಳ ಮೆಸೇಜ್ ಬಂತು. ಕೇಳಿದ್ದಳಂತೆ. ಮೊತ್ತ ಹೇಳಿದರಂತೆ, ತಾರೀಖು ಇನ್ನೂ ಹೇಳಿಲ್ಲವಂತೆ. ಇವತ್ತು ಮತ್ತೆ ಕೇಳುತ್ತಾಳಂತೆ.